ಹನ್ನೆರಡು ಗಂಟೆಯ ಗಡುವು

ದಕ್ಷಿಣ ಅಮೆರಿಕದ ಉತ್ತರ ತೀರದಲ್ಲಿ ಗಯಾನಾ, ಸುರಿನಾಮ್ ಅಂತ ಎರಡು ದೇಶಗಳಿವೆ. ನಡುವೆ ಕೊರಂಟೈನ್ ಎಂಬ ಹೊಳೆ. ಹೊಳೆ ಹೋಗಿ ಸೇರುವುದು ಅಟ್ಲಾಂಟಿಕ್ ಸಮುದ್ರಕ್ಕೆ. ನಾನು ಹೇಳಹೊರಟ ಸಂಗತಿ ನಡೆದದ್ದು ಆ ಸಮುದ್ರದಲ್ಲಿ, 2000ನೇ ಇಸವಿ ಜೂನ್ 3ರ ಇರುಳು.

ಸಿ.ಇ. ಥಾರ್ನ್‌ಟನ್ ಅಂತ ಒಂದು ರಿಗ್ಗು ಅಲ್ಲಿಗೆ ಬಂದಿತ್ತು. ಎಣ್ಣೆ ಬಾವಿ ಕೊರೆಯುವುದಕ್ಕೆ ಸಿಜಿಎಕ್ಸ್ ಎಂಬ ಕೆನಡಾದ ಕಂಪನಿ ಬಾಡಿಗೆಗೆ ಹಿಡಿದು ತರಿಸಿದ ರಿಗ್ಗು. ಆ ಕಂಪನಿಗೆ 1998ರಲ್ಲಿ ಗಯಾನಾ ಸರ್ಕಾರ ಪರವಾನಗಿ ಕೊಟ್ಟಿತ್ತು. ಕೊರೆಯಬೇಕಾದ ಜಾಗಕ್ಕೆ 'ಈಗಲ್' ಎಂದು ಹೆಸರಿಟ್ಟಿದ್ದರು. ಬಾವಿಯ ಕೆಲಸ ಇನ್ನೂ ಶುರುವಾಗಿರಲಿಲ್ಲ. ಕಡಲತಳದ ಮಣ್ಣಿನ ಮಾದರಿ ತೆಗೆದು, ನೆಲ ಎಷ್ಟು ಗಟ್ಟಿ ಇದೆ ಅಂತ ನೋಡುತ್ತಿದ್ದರು. ನಡುರಾತ್ರಿ ಕಳೆದಿತ್ತು. ಆಗ ಕತ್ತಲಲ್ಲಿ ಸುರಿನಾಮ್ ನೌಕಾಪಡೆಯ ಎರಡು ಗನ್‌ಬೋಟ್‌ಗಳು ಬಂದವು. ರೇಡಿಯೋದಲ್ಲಿ ಕರೆ ಬಂತು: ಹನ್ನೆರಡು ಗಂಟೆಯೊಳಗೆ ಈ ಜಾಗ ಬಿಟ್ಟು ಹೋಗಿ, ಹೋಗದಿದ್ದರೆ ಮುಂದಾಗುವುದಕ್ಕೆ ನೀವೇ ಹೊಣೆ. ಒಂದು ಸಲ ಹೇಳಿ ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ಹೇಳಿದರು.

ಇದು ನನಗೆ ಗೊತ್ತಾದದ್ದು ಹೇಗೆ ಅಂದರೆ, ಅದೇ ರಿಗ್ಗು ಕೆಲವು ವರ್ಷಗಳ ಮೇಲೆ ಗುತ್ತಿಗೆಯಲ್ಲಿ ನಮ್ಮ ದೇಶಕ್ಕೆ ಬಂತು. ನಾನು ಆಗ ಮುಂಬೈ ಕಡೆಯ ಕಡಲಿನಲ್ಲಿ ಕೆಲಸಕ್ಕಿದ್ದೆ. ಎಪ್ಪತ್ತರ ದಶಕದಲ್ಲಿ ಕಟ್ಟಿದ ರಿಗ್ಗು, ಬಣ್ಣದ ಮೇಲೆ ಬಣ್ಣ ಬಳಿದು ಅದರ ಕಬ್ಬಿಣದ ಮೂಲೆಗಳೆಲ್ಲ ದುಂಡಗಾಗಿದ್ದವು. ಊಟದ ಮೇಜಿನಲ್ಲಿ ಹಳಬರೊಬ್ಬರು ಮಾತಿನ ನಡುವೆ, "ಇದನ್ನು ಒಂದು ಸಲ ಗನ್‌ಬೋಟ್ ತೋರಿಸಿ ಓಡಿಸಿದ್ದರು" ಅಂದರು. ಅಷ್ಟೇ ಹೇಳಿ ಎದ್ದು ಪಾಳಿಗೆ ಹೋದರು. ನನ್ನನ್ನು ಆ ಮಾತು ಬಿಡಲಿಲ್ಲ. ಆಮೇಲೆ 2007ರ ಸೆಪ್ಟೆಂಬರ್ 17ಕ್ಕೆ ಈ ಜಗಳದ ತೀರ್ಪು ಬಂತು. ಅದನ್ನು ತರಿಸಿ ಓದಿದೆ. ರಿಗ್ಗಿನಲ್ಲಿದ್ದವರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳು ಅದರಲ್ಲಿ ಅಚ್ಚಾಗಿವೆ. ಇವತ್ತಿಗೂ ಮರೆತಿಲ್ಲ.

ಇದನ್ನೆಲ್ಲ ಮೊದಲ ಸಲ ಮನೆಯಲ್ಲಿ ಹೇಳಿದ್ದು ಅಡಿಕೆ ಸುಲಿಯುವ ರಾತ್ರಿ. ಒಂದು ಕಡೆ ಅಡಿಕೆ ಬೇಯುವ ಹಂಡೆಯ ಬೆಂಕಿ, ಇನ್ನೊಂದು ಕಡೆ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ನಮ್ಮವರು. ಇಷ್ಟು ಹೇಳುವಷ್ಟರಲ್ಲಿ ದೊಡ್ಡಮ್ಮ ಕೈ ನಿಲ್ಲಿಸದೆ ಕೇಳಿದ್ದರು: "ಸಮುದ್ರಕ್ಕೆ ಎಂಥ ಗಡಿ ಮಾರಾಯ? ಅಲ್ಲಿ ಕಲ್ಲು ನೆಡುವುದು ಎಲ್ಲಿ?"

ಕಲ್ಲು ದಡದಲ್ಲಿದೆ ದೊಡ್ಡಮ್ಮ, ಗಲಾಟೆ ಇರುವುದು ಆ ಕಲ್ಲಿನಿಂದ ಸಮುದ್ರದ ಕಡೆಗೆ ಎಳೆಯುವ ಗೆರೆಯಲ್ಲಿ, ಅಂದೆ. ಬ್ರಿಟಿಷರು ಗಯಾನಾ ಆಳುತ್ತಿದ್ದರು, ಡಚ್ಚರು ಸುರಿನಾಮ್ ಆಳುತ್ತಿದ್ದರು. 1936ರಲ್ಲಿ ಇಬ್ಬರೂ ಸೇರಿ ಒಂದು ಆಯೋಗ ಕಳಿಸಿ, ಕೊರಂಟೈನ್ ಹೊಳೆಯ ಪಶ್ಚಿಮ ದಡದಲ್ಲಿ ಒಂದು ಬಿಂದು ಗೊತ್ತು ಮಾಡಿದರು. ಹೊಳೆ ಪೂರ್ತಿ ಡಚ್ಚರ ಕಡೆಗೆ. ಆ ಬಿಂದುವಿನಿಂದ ಸಮುದ್ರಕ್ಕೆ, ಉತ್ತರದಿಂದ ಪೂರ್ವಕ್ಕೆ ಹತ್ತು ಡಿಗ್ರಿ ವಾಲಿದ ಗೆರೆ. ಹೊಳೆಯೊಳಗೆ ಹಡಗು ಬರುವ ದಾರಿ ಡಚ್ಚರ ಕೈಯಲ್ಲಿ ಇರಲಿ ಅಂತ ಹಾಕಿದ ಗೆರೆ ಅದು. ದಡದ ಹತ್ತಿರದ ಹಡಗಿನ ದಾರಿಗೆ ಮಾಡಿದ ವ್ಯವಸ್ಥೆ. ಅಷ್ಟು ದೂರದ ಕಡಲತಳದಲ್ಲಿ ಎಣ್ಣೆ ಇದ್ದೀತು ಅಂತ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಗಯಾನಾ 1966ರಲ್ಲಿ ಸ್ವತಂತ್ರವಾಯಿತು, ಸುರಿನಾಮ್ 1975ರಲ್ಲಿ. ಸುರಿನಾಮ್ ಆ ಹತ್ತು ಡಿಗ್ರಿ ಗೆರೆಯನ್ನೇ ಹಿಡಿದು, ಇದೇ ನಮ್ಮ ಗಡಿ, ದೂರದ ಕಡಲಿನವರೆಗೂ ಇದೇ, ಅಂದಿತು. ಗಯಾನಾ ಒಪ್ಪಲಿಲ್ಲ. ಎರಡೂ ದಡಗಳಿಂದ ಸಮಾನ ದೂರ ಇರುವಂತೆ ಎಳೆಯಬೇಕು, ಹಾಗೆ ಎಳೆದರೆ ಮೂವತ್ತನಾಲ್ಕು ಡಿಗ್ರಿ ಆಗುತ್ತದೆ, ಅಂತ ಹಟ ಹಿಡಿಯಿತು. ಎರಡು ಗೆರೆಗಳೂ ಹೊರಡುವುದು ಒಂದೇ ಬಿಂದುವಿನಿಂದ. ಸಮುದ್ರದೊಳಗೆ ಹೋದಷ್ಟೂ ಅವುಗಳ ನಡುವಿನ ಜಾಗ ಅಗಲವಾಗುತ್ತ ಹೋಗುತ್ತದೆ. ಕೊನೆಗೆ ಅಳೆದಾಗ ಅದು ಹತ್ತಾರು ಸಾವಿರ ಚದರ ಕಿಲೋಮೀಟರ್. ಈಗಲ್ ಎಂಬ ಜಾಗ ಈ ಎರಡು ಗೆರೆಗಳ ನಡುವೆ ಬಿದ್ದಿತ್ತು. ಮೇ ತಿಂಗಳಿನಲ್ಲೇ ಸುರಿನಾಮ್ ಪತ್ರ ಬರೆದು ಕೆಲಸ ನಿಲ್ಲಿಸಿ ಅಂದಿತ್ತು. ನಮ್ಮ ಜಾಗದಲ್ಲಿ ನಾವು ಕೊರೆಸುತ್ತೇವೆ ಅಂತ ಗಯಾನಾ ಮುಂದುವರಿಯಿತು. ರಿಗ್ಗು ಬಂತು.

ಈಗ ರಿಗ್ಗಿನ ಮೇಲಿದ್ದವರ ಕಡೆಗೆ ಬರೋಣ. ಇದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಗಡಿಯ ಸುದ್ದಿ ಬರೆಯುವವರು ಈ ಭಾಗ ಬರೆಯುವುದೇ ಇಲ್ಲ.

ಥಾರ್ನ್‌ಟನ್ ಒಂದು ಜ್ಯಾಕ್‌ಅಪ್ ರಿಗ್ಗು. ಜ್ಯಾಕ್‌ಅಪ್ ಅಂದರೆ ಒಂದು ಅಗಲವಾದ ಉಕ್ಕಿನ ದೋಣಿ, ಅದಕ್ಕೆ ಮೂರು ಉದ್ದನೆಯ ಕಾಲು. ಒಂದೊಂದು ಕಾಲೂ ನೂರು ಮೀಟರಿನ ಮೇಲೆ ಉದ್ದ. ಪ್ರಯಾಣ ಮಾಡುವಾಗ ಕಾಲುಗಳನ್ನು ಮೇಲಕ್ಕೆ ಎತ್ತಿರುತ್ತಾರೆ, ಟಗ್ ಬೋಟುಗಳು ಎಳೆದುಕೊಂಡು ಹೋಗುತ್ತವೆ. ಜಾಗಕ್ಕೆ ಬಂದ ಮೇಲೆ ಕಾಲುಗಳನ್ನು ಇಳಿಸಿ, ತಳದ ಮಣ್ಣಿನಲ್ಲಿ ಊರಿ, ಇಡೀ ರಿಗ್ಗನ್ನು ಅಲೆಗಳಿಗಿಂತ ಮೇಲಕ್ಕೆ ಎತ್ತುತ್ತಾರೆ. ಊರುವ ಮೊದಲು ಮಣ್ಣು ನೋಡಲೇಬೇಕು. ಮೇಲೆ ಗಟ್ಟಿ ಪದರ, ಕೆಳಗೆ ಮೆತ್ತನೆಯದು ಇದ್ದರೆ, ಭಾರ ಬಿದ್ದಾಗ ಒಂದು ಕಾಲು ಒಮ್ಮೆಲೇ ಕುಸಿದು ಹೋಗುತ್ತದೆ. ಪಂಚ್ ಥ್ರೂ ಅಂತ ಕರೆಯುತ್ತೇವೆ. ರಿಗ್ಗು ವಾಲಿ, ಜನ ಸತ್ತದ್ದೂ ಉಂಟು. ಗಯಾನಾದ ಕರಾವಳಿಯಂತೂ ಕೆಸರಿಗೆ ಹೆಸರಾದದ್ದು. ಅಮೆಜಾನ್ ನದಿ ಸಮುದ್ರಕ್ಕೆ ತಂದು ಸುರಿಯುವ ಮಣ್ಣು ಪ್ರವಾಹದ ಜೊತೆ ಪಶ್ಚಿಮಕ್ಕೆ ಸಾಗಿ, ಆ ತೀರದುದ್ದಕ್ಕೂ ದಿಬ್ಬ ದಿಬ್ಬವಾಗಿ ನಿಲ್ಲುತ್ತದೆ. ಅಂಥ ಕಡೆ ಮಣ್ಣು ಪರೀಕ್ಷೆ ಮಾಡುತ್ತಿದ್ದವರು ಏನು ನೋಡುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತು. ತಮ್ಮ ಜೀವ ಎಲ್ಲಿ ಕಾಲೂರಿ ನಿಲ್ಲಬೇಕು ಅಂತ ನೋಡುತ್ತಿದ್ದರು.

ಆ ಹೊತ್ತಿಗೆ ಗಡುವು ಬಂತು. ರಿಗ್ಗಿನ ಮೇಲಿದ್ದವರು ಸೈನಿಕರಲ್ಲ. ಬಾವಿ ಕೊರೆಯುವವರು, ಕ್ರೇನ್ ನಡೆಸುವವರು, ವೆಲ್ಡಿಂಗ್ ಮಾಡುವವರು, ಅಡುಗೆಯವರು. ಕೈಯಲ್ಲಿ ಆಯುಧವಿಲ್ಲ. ಪರವಾನಗಿ ಕೊಟ್ಟ ದೇಶ ದಡದಲ್ಲಿ ಮಲಗಿತ್ತು. ಜಾಗ ಬಿಡುವುದು ಅಂದರೆ ಹಗ್ಗ ಬಿಚ್ಚಿ ಹೊರಟುಬಿಡುವಂಥ ಕೆಲಸವೂ ಅಲ್ಲ. ಡೆಕ್ಕಿನ ಮೇಲಿನ ಪೈಪು, ಯಂತ್ರ ಎಲ್ಲವನ್ನೂ ಬಿಗಿದು ಕಟ್ಟಬೇಕು, ಟಗ್ಗುಗಳ ತಂತಿ ಸಿಕ್ಕಿಸಬೇಕು, ಗಾಳಿ ಅಲೆ ನೋಡಬೇಕು. ಹವಾಮಾನ ಸರಿಯಿಲ್ಲದಿದ್ದರೆ ಜ್ಯಾಕ್‌ಅಪ್ ರಿಗ್ಗನ್ನು ಕದಲಿಸುವುದಕ್ಕೆ ವಿಮೆಯವರೇ ಬಿಡುವುದಿಲ್ಲ. ಗನ್‌ಬೋಟಿನವರಿಗೆ ಇದನ್ನೆಲ್ಲ ವಿವರಿಸುವುದು ಯಾರು? ಮಾತು ಕೇಳದಿದ್ದರೆ ಬಂದೂಕು ಬಳಸುತ್ತಾರೆ ಅಂತಲೇ ತಾವು ತಿಳಿದುಕೊಂಡೆವು ಎಂದು ರಿಗ್ಗಿನ ಮೇಲ್ವಿಚಾರಕರು ಹೇಳಿಕೆಯಲ್ಲಿ ಬರೆದಿದ್ದಾರೆ. ಗಡುವಿನೊಳಗೆ ಹೊರಟರು. ಗುಂಡು ಹಾರಲಿಲ್ಲ, ಯಾರಿಗೂ ಏಟಾಗಲಿಲ್ಲ. ಅದು ಅವರ ವಿವೇಕ. ನಾನಿದ್ದರೂ ಹೊರಡಿ ಅಂತಲೇ ಹೇಳುತ್ತಿದ್ದೆ.

ತಂಗಿಯ ಮಗಳು ಕಾನೂನು ಓದುವವಳು, ಅವಳಿಗೆ ಇದು ಸಮಾಧಾನವಾಗಲಿಲ್ಲ. "ಮಾವಾ, ಜಾಗ ತೀರ್ಮಾನವಾಗದೆ ರಿಗ್ಗು ಕಳಿಸಿದ್ದೇ ಯಾಕೆ? ಗೆರೆ ಎಳೆದ ಮೇಲೆ ಕೊರೆದರೆ ಎಣ್ಣೆ ಎಲ್ಲಿಗೆ ಓಡಿಹೋಗುತ್ತಿತ್ತು?"

ಓಡಿಹೋಗುತ್ತದೆ ಕೂಸೆ, ಅದೇ ಭಯ. ನಮ್ಮ ಪಕ್ಕದ ತೋಟದವರು ಬೇಲಿಯ ಬುಡದಲ್ಲೇ ಬೋರು ಹೊಡೆಸಿದಾಗ ನಮ್ಮ ಬಾವಿಯ ನೀರು ಇಳಿಯಲಿಲ್ಲವೇ? ನೆಲದ ಮೇಲೆ ಹದ್ದುಬಸ್ತು ಮಾಡಿಸಬಹುದು, ನೆಲದ ಕೆಳಗಿನ ಸೆಲೆಗೆ ಅದು ಗೊತ್ತಾಗುವುದಿಲ್ಲ. ಎಣ್ಣೆ, ಅನಿಲ ಇರುವುದು ಬಂಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ, ಒತ್ತಡದಲ್ಲಿ. ಒಂದು ಕಡೆ ತೂತು ಮಾಡಿದರೆ ಒತ್ತಡ ಕಡಿಮೆ ಇರುವ ಆ ಕಡೆಗೆ ಹರಿಯುತ್ತದೆ. ಆದ್ದರಿಂದ ಪ್ರತಿಯೊಬ್ಬನಿಗೂ ತಾನು ಮೊದಲು ಕೊರೆಯಬೇಕು ಎಂಬ ಆತುರ. ಆತುರಕ್ಕೆ ಬಿದ್ದು ಇಬ್ಬರೂ ಸಿಕ್ಕಾಪಟ್ಟೆ ಬಾವಿ ತೋಡಿ ಎಳೆದರೆ ಒತ್ತಡ ಬೇಗ ಬಿದ್ದುಹೋಗಿ, ತೆಗೆಯಬಹುದಾದ ಎಷ್ಟೋ ಎಣ್ಣೆ ಬಂಡೆಯಲ್ಲೇ ಉಳಿದುಬಿಡುತ್ತದೆ. ಇಬ್ಬರಿಗೂ ನಷ್ಟ.

ಇದಕ್ಕೆ ದಾರಿ ಇಲ್ಲವೇ ಅಂದರೆ ಇತ್ತು, ಆಗಲೇ ಇತ್ತು. ಬ್ರಿಟನ್ನು, ನಾರ್ವೆ ಎರಡೂ ಉತ್ತರ ಸಮುದ್ರದಲ್ಲಿ 1965ರಲ್ಲೇ, ಅಲ್ಲಿ ಏನು ಸಿಗುತ್ತದೆ ಅಂತ ಗೊತ್ತಾಗುವ ಮೊದಲೇ, ನಡುಗೆರೆ ಎಳೆದುಕೊಂಡವು. 1971ರಲ್ಲಿ ಫ್ರಿಗ್ ಎಂಬ ದೊಡ್ಡ ಅನಿಲ ಕ್ಷೇತ್ರ ಸಿಕ್ಕಿತು, ಸರಿಯಾಗಿ ಆ ಗೆರೆಯ ಮೇಲೆ. ಜಗಳ ಆಗಲಿಲ್ಲ. 1976ರಲ್ಲಿ ಒಪ್ಪಂದ ಬರೆದು, ಇಡೀ ಕ್ಷೇತ್ರವನ್ನು ಒಂದೇ ಎಂದು ಲೆಕ್ಕ ಹಿಡಿದು, ಸುಮಾರು ಅರವತ್ತು ಪಾಲು ನಾರ್ವೆಗೆ, ನಲವತ್ತು ಪಾಲು ಬ್ರಿಟನ್ನಿಗೆ ಎಂದು ಹಂಚಿಕೊಂಡರು. 1977ರಲ್ಲಿ ಅನಿಲ ಬಂತು, 2004ರವರೆಗೂ ಬಂತು. ಮಲೇಷ್ಯಾ, ಥಾಯ್ಲೆಂಡ್ ದೇಶಗಳದ್ದು ಇನ್ನೊಂದು ರೀತಿ. ಗೆರೆ ಎಲ್ಲಿ ಅಂತ ಒಪ್ಪಂದ ಆಗದಿದ್ದರೂ ಪರವಾಗಿಲ್ಲ, ಆ ಪ್ರದೇಶವನ್ನು ಜಂಟಿಯಾಗಿ ನೋಡಿಕೊಳ್ಳೋಣ ಅಂತ 1979ರಲ್ಲೇ ಸಹಿ ಹಾಕಿದರು. ಇವೆಲ್ಲ ಪುಸ್ತಕದಲ್ಲಿ ಓದಿದ ಆದರ್ಶವಲ್ಲ. ನಮ್ಮ ಕಸುಬಿನವರು ಕೆಲಸ ಮಾಡಿ ಬಂದ ಜಾಗಗಳು.

ಕೊರಂಟೈನ್ ಕಡಲಿನಲ್ಲಿ ಮಾತ್ರ ಹಾಗಾಗಲಿಲ್ಲ. ರಿಗ್ಗು ಹೋದ ಮೇಲೆ ಕೆರಿಬಿಯನ್ ದೇಶಗಳ ಒಕ್ಕೂಟ ಮಧ್ಯೆ ಬಂತು, ಜಮೈಕಾದ ಪ್ರಧಾನಿ ಪ್ಯಾಟರ್ಸನ್ ಇಬ್ಬರನ್ನೂ ಕೂರಿಸಿ ಮಾತಾಡಿಸಿದರು. ಬಗೆಹರಿಯಲಿಲ್ಲ. 2004ರ ಫೆಬ್ರವರಿಯಲ್ಲಿ ಗಯಾನಾ ವಿಶ್ವಸಂಸ್ಥೆಯ ಸಮುದ್ರ ಕಾನೂನಿನಡಿ ಪಂಚಾಯ್ತಿ ಮಂಡಳಿಗೆ ದೂರು ಕೊಟ್ಟಿತು. ಐವರು ಪಂಚರು. ಅವರಲ್ಲಿ ಒಬ್ಬರು ಬಾಂಗ್ಲಾದೇಶದ ಕಮಲ್ ಹೊಸೇನ್.

ನನಗೆ ಇಲ್ಲಿ ಎದೆಗೆ ತಾಗುವುದು ಬೇರೆ ಒಂದು ಸಂಗತಿ. ಈ ಹೊಳೆಯ ಎರಡೂ ದಡಗಳಲ್ಲಿ ಇರುವವರಲ್ಲಿ ನಮ್ಮ ದೇಶದಿಂದ ಹೋದವರ ಮಕ್ಕಳು ಮೊಮ್ಮಕ್ಕಳು ಬಹಳ. 1838ರಲ್ಲಿ ಕಲ್ಕತ್ತೆಯಿಂದ ಗಯಾನಾಕ್ಕೆ, 1873ರಲ್ಲಿ ಸುರಿನಾಮಿಗೆ, ಕಬ್ಬಿನ ತೋಟದ ಕೂಲಿಗೆ ಕರಾರು ಬರೆಸಿಕೊಂಡು ಹಡಗು ಹತ್ತಿಸಿದರು. ಈ ದಡದವರಿಗೆ ಆ ದಡದಲ್ಲಿ ನೆಂಟರು. ಈಗಲೂ ಸಣ್ಣ ದೋಣಿಯಲ್ಲಿ ದಾಟಿ ಹೋಗಿ ಬರುತ್ತಾರೆ. ಹೊಳೆಯಲ್ಲಿ ಮೀನು ಹಿಡಿಯುವ ಗಯಾನಾದವರು ಸುರಿನಾಮಿನ ಲೈಸೆನ್ಸಿಗೆ ಅಲೆಯಬೇಕು. ನಕ್ಷೆಯ ಮೇಲೆ ಇಬ್ಬರು ವಾದಿಗಳು, ಹೊಳೆಯ ಮೇಲೆ ಒಂದೇ ಜನ.

ಗನ್‌ಬೋಟ್ ಬಂದ ಆ ಇರುಳಿನಿಂದ ತೀರ್ಪು ಬರುವುದಕ್ಕೆ ಏಳು ವರ್ಷ ಹಿಡಿಯಿತು. ದಡದಿಂದ ಮೂರು ನಾಟಿಕಲ್ ಮೈಲಿವರೆಗೆ ಹಳೆಯ ಹತ್ತು ಡಿಗ್ರಿ ಗೆರೆ ಇರಲಿ, ಹಡಗಿನ ದಾರಿಯ ಕಾರಣ ಅಲ್ಲಿಗೆ ಸರಿ ಅಂದರು. ಅಲ್ಲಿಂದ ಹನ್ನೆರಡು ಮೈಲಿಯವರೆಗೆ ಗೆರೆಯನ್ನು ಓರೆಯಾಗಿ ತಿರುಗಿಸಿ, ಆಮೇಲೆ ಇನ್ನೂರು ಮೈಲಿವರೆಗೆ ಸಮಾನ ದೂರದ ಗೆರೆ. ಜಗಳದ ಜಾಗದಲ್ಲಿ ಹೆಚ್ಚಿನ ಪಾಲು ಗಯಾನಾಕ್ಕೆ ಬಂತು. ಈಗಲ್ ಕೂಡ ಗಯಾನಾದ ಕಡೆಗೆ ಬಿತ್ತು. ಗನ್‌ಬೋಟಿನ ಎಚ್ಚರಿಕೆ ಬರೀ ಕಾನೂನು ಪಾಲನೆ ಅಂತ ಸುರಿನಾಮ್ ವಾದಿಸಿತ್ತು. ಪಂಚರು ಒಪ್ಪಲಿಲ್ಲ. ಅದು ಸೇನಾಬಲದ ಬೆದರಿಕೆ, ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧ ಎಂದು ಬರೆದರು. ಆದರೆ ಗಯಾನಾ ಕೇಳಿದ ಪರಿಹಾರದ ಹಣ ಕೊಡಿಸಲಿಲ್ಲ.

ಪತ್ರಿಕೆಗಳು ಇಷ್ಟನ್ನು ಬರೆದವು. ನನ್ನ ಮಟ್ಟಿಗೆ ಆ ತೀರ್ಪಿನ ತಿರುಳು ಇನ್ನೊಂದು ಪುಟದಲ್ಲಿದೆ. ಗಡಿ ತೀರ್ಮಾನವಾಗುವವರೆಗೆ ತಾತ್ಕಾಲಿಕ ವ್ಯವಸ್ಥೆಯೊಂದನ್ನು ಮಾಡಿಕೊಳ್ಳಲು ಮನಸ್ಸಿಟ್ಟು ಪ್ರಯತ್ನಿಸಬೇಕು ಅಂತ ಸಮುದ್ರ ಕಾನೂನು ಎರಡೂ ದೇಶಗಳಿಗೆ ವಿಧಿಸುತ್ತದೆ. ಇಬ್ಬರೂ ಅದನ್ನು ಮಾಡಲಿಲ್ಲ, ಇಬ್ಬರೂ ಕಾನೂನು ಮುರಿದರು ಅಂದರು ಪಂಚರು. ಸಿಸ್ಮಿಕ್ ಸರ್ವೆ ಮಾಡಿದರೆ ತೊಂದರೆಯಿಲ್ಲ, ಅದು ಅಲೆ ಕಳಿಸಿ ಪ್ರತಿಧ್ವನಿ ಕೇಳುವ ಕೆಲಸ. ಬಾವಿ ಕೊರೆಯುವುದು ಹಾಗಲ್ಲ, ಕಡಲತಳಕ್ಕೆ ಮತ್ತೆ ಸರಿಮಾಡಲಾಗದ ಬದಲಾವಣೆ ತರುತ್ತದೆ, ವಿವಾದದ ಜಾಗದಲ್ಲಿ ಇಬ್ಬರ ಒಪ್ಪಿಗೆ ಇಲ್ಲದೆ ಅದಕ್ಕೆ ಕೈಹಾಕಬಾರದು. ನೆಲಕ್ಕೆ ಡ್ರಿಲ್ ಇಳಿಸಿದ ಯಾರಿಗಾದರೂ ಈ ವ್ಯತ್ಯಾಸ ಅರ್ಥವಾಗುತ್ತದೆ. ಅದನ್ನು ಕಾನೂನಿನ ಭಾಷೆಯಲ್ಲಿ ಬರೆದದ್ದು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ರಿಗ್ಗು ಕಳಿಸಿದ ದೇಶವೂ ತಪ್ಪು ಮಾಡಿತ್ತು, ಗನ್‌ಬೋಟ್ ಕಳಿಸಿದ ದೇಶವೂ ತಪ್ಪು ಮಾಡಿತ್ತು. ನಡುವೆ ನಿಂತವರು ರಿಗ್ಗಿನ ಕೆಲಸದವರು.

ದೊಡ್ಡಮ್ಮ ಕೇಳಿಯೇ ಕೇಳಿದರು. "ಅಷ್ಟೆಲ್ಲ ಜಗಳಾಡಿದ ಜಾಗದಲ್ಲಿ ಎಣ್ಣೆ ಸಿಕ್ಕಿತೋ ಇಲ್ಲವೋ?"

ಸಿಗಲಿಲ್ಲ. 2012ರಲ್ಲಿ ಸಿಜಿಎಕ್ಸ್ ಮತ್ತೆ ಹೋಗಿ ಈಗಲ್ ಬಾವಿ ಕೊರೆಯಿತು. ತೆಗೆದು ಮಾರುವಷ್ಟು ಎಣ್ಣೆ ಇರಲಿಲ್ಲ, ಸಿಮೆಂಟು ಹಾಕಿ ಮುಚ್ಚಿದರು. ಆದರೆ ಆ ಒಂದು ಇರುಳಿನ ಬೆಲೆ ಈಗಲ್‌ಗೆ ಮಾತ್ರ ತಗಲಲಿಲ್ಲ. ಅದರ ಉತ್ತರಕ್ಕೆ ಸ್ಟಾಬ್ರೂಕ್ ಎಂಬ ದೊಡ್ಡ ಬ್ಲಾಕು, 26,800 ಚದರ ಕಿಲೋಮೀಟರ್. 1999ರಲ್ಲಿ ಎಕ್ಸಾನ್‌ನವರು ಅದರ ಕರಾರು ಮಾಡಿಕೊಂಡಿದ್ದರು. ಗಡಿ ಗಲಾಟೆಯ ಕಾರಣಕ್ಕೆ 2000ದಲ್ಲಿ ಅಲ್ಲಿಯ ಕೆಲಸ ನಿಂತಿತು, ತೀರ್ಪು ಬಂದ ಮೇಲೆ 2008ರಲ್ಲಷ್ಟೇ ಮುಂದುವರಿಯಿತು. ಗೆರೆ ಖಚಿತವಾಗದ ಕಡೆ ಬ್ಯಾಂಕು ಸಾಲ ಕೊಡುವುದಿಲ್ಲ, ವಿಮೆ ಸಿಗುವುದಿಲ್ಲ, ಅವಘಡವಾದರೆ ರಕ್ಷಣೆಗೆ ಯಾವ ದೇಶದ ಹೆಲಿಕಾಪ್ಟರ್ ಬರಬೇಕು ಎಂಬುದೂ ಗೊತ್ತಿರುವುದಿಲ್ಲ. ಕಡೆಗೆ 2015ರ ಮೇ ತಿಂಗಳಲ್ಲಿ ದಡದಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದ ಆಳ ನೀರಿನಲ್ಲಿ ಲೀಸಾ ಎಂಬ ಬಾವಿಯಲ್ಲಿ ಎಣ್ಣೆ ಸಿಕ್ಕಿತು. 2019ರ ಡಿಸೆಂಬರಿನಲ್ಲಿ ಉತ್ಪಾದನೆ ಶುರು. ಆ ಬ್ಲಾಕಿನಲ್ಲಿ ತೆಗೆಯಬಹುದಾದದ್ದು 1,100 ಕೋಟಿ ಬ್ಯಾರಲ್ ಮೀರುತ್ತದೆ ಅಂತ ಅಂದಾಜು. ದೇಶದ ಜನಸಂಖ್ಯೆ ಎಂಟು ಲಕ್ಷದ ಆಸುಪಾಸು. ನಿಂತುಹೋದ ಆ ಎಂಟು ವರ್ಷ, ಆಗ ಬಡವಾಗಿದ್ದ ಅಂಥ ದೇಶಕ್ಕೆ ಏನು ಅಂತ ನೀವೇ ಯೋಚಿಸಿ: ಎಷ್ಟು ಶಾಲೆ, ಎಷ್ಟು ಆಸ್ಪತ್ರೆ, ವಿದೇಶಕ್ಕೆ ದುಡಿಯಲು ಹೋದ ಎಷ್ಟು ಮಕ್ಕಳು.

ಸುರಿನಾಮಿಗೂ ಒಳ್ಳೆಯದೇ ಆಯಿತು. ಗೆರೆಯ ಆಚೆ, ಅವರ ಬ್ಲಾಕ್ 58ರಲ್ಲಿ 2020ರ ಜನವರಿಯಲ್ಲಿ ಎಣ್ಣೆ ಸಿಕ್ಕಿತು. 2024ರ ಅಕ್ಟೋಬರಿನಲ್ಲಿ 1,050 ಕೋಟಿ ಡಾಲರಿನ ಯೋಜನೆಗೆ ಒಪ್ಪಿಗೆಯಾಗಿದೆ. ಗಡಿಯ ಎರಡೂ ಪಕ್ಕ ಇಬ್ಬರೂ ನೆಮ್ಮದಿಯಿಂದ ಕೊರೆಯುತ್ತಿದ್ದಾರೆ. ಈ ಗೆರೆಯನ್ನು 1966ರಲ್ಲೋ 1975ರಲ್ಲೋ ಎಳೆದಿದ್ದರೆ ಅಂತ ನಾನು ಪ್ರತಿ ಸಲ ಅಂದುಕೊಳ್ಳುತ್ತೇನೆ.

ಆದರೆ ಗಯಾನಾಕ್ಕೆ ಇನ್ನೊಂದು ಪಕ್ಕವೂ ಇದೆ. ಪಶ್ಚಿಮಕ್ಕೆ ವೆನೆಜುವೇಲಾ. ಅದು ಎಸೆಕಿಬೋ ಹೊಳೆಯ ಪಶ್ಚಿಮದ ನೆಲವೆಲ್ಲ ತನ್ನದು ಅನ್ನುತ್ತದೆ, ಅದರ ಮುಂದಿನ ಸಮುದ್ರವೂ. 2013ರ ಅಕ್ಟೋಬರಿನಲ್ಲಿ ಗಯಾನಾದ ಪರವಾನಗಿಯಲ್ಲಿ ಸರ್ವೆ ಮಾಡುತ್ತಿದ್ದ ಟೆಕ್ನಿಕ್ ಪರ್ಡಾನಾ ಹಡಗನ್ನು ವೆನೆಜುವೇಲಾದ ನೌಕಾಪಡೆ ಹಿಡಿದು, ಅದರಲ್ಲಿದ್ದ 36 ಜನರ ಸಮೇತ ಮಾರ್ಗರಿಟಾ ದ್ವೀಪಕ್ಕೆ ಒಯ್ದಿತು. 2018ರ ಡಿಸೆಂಬರಿನಲ್ಲಿ ಇನ್ನೊಂದು ಸರ್ವೆ ಹಡಗನ್ನು ತಡೆಯಿತು. ಅದೇ ವರ್ಷ ಗಯಾನಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. 2025ರ ಮಾರ್ಚ್ 1ರ ಬೆಳಿಗ್ಗೆ ವೆನೆಜುವೇಲಾದ ಕಾವಲು ಹಡಗೊಂದು ಸ್ಟಾಬ್ರೂಕ್ ಬ್ಲಾಕಿನ ಉತ್ಪಾದನಾ ಹಡಗುಗಳ ಹತ್ತಿರ ಬಂದು, ನೀವು ನಿಂತಿರುವುದು ವಿವಾದದ ನೀರಿನಲ್ಲಿ ಅಂತ ರೇಡಿಯೋದಲ್ಲಿ ಹೇಳಿತು. ಹಡಗಿನ ರೇಡಿಯೋ ರೂಮಿನಲ್ಲಿ ಕೂತ ಹುಡುಗನಿಗೆ ಆ ಕರೆ ಕಿವಿಗೆ ಬಿದ್ದಾಗ ಹೇಗಾಗಿರಬೇಕು ಅಂತ ನನಗೆ ಊಹಿಸುವುದು ಕಷ್ಟವಲ್ಲ. ಈ ಸಲ ಗಯಾನಾ ಸುಮ್ಮನಿರಲಿಲ್ಲ. ಕರಾವಳಿ ಕಾವಲಿನ ದೋಣಿ, ವಿಮಾನ ಕಳಿಸಿತು, ಅಧ್ಯಕ್ಷರು ಅದೇ ದಿನ ದೇಶಕ್ಕೆ ತಿಳಿಸಿದರು. ಉತ್ಪಾದನೆ ನಿಲ್ಲಲಿಲ್ಲ.